ಹೊಸ್ತಿಲ ಕೆಳಗಿನ ಮಣ್ಣು

ಬೀದರ್, ಫೆಬ್ರವರಿ ೩೦, ೨೩೧೪

ನಮ್ಮ ಕಾರ್ಖಾನೆಯಲ್ಲಿ ಈಗ ಕೂತು ಬಿದರಿ ಕೆಲಸ ಮಾಡುತ್ತಿರುವ ಹಿರಿಯರಿಗೆ ನಿಮ್ಮ ವಂಶದ ಜುಲೇಖಾಳ ಸಲಾಮು.

ತಾರೀಕು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಒಂದು ಮನೆತನಕ್ಕೆ ಒಂದೇ ಸಲ ಬರೆಯಲು ಅವಕಾಶ. ಖಂಡಿತ ತಲುಪುತ್ತದೆ ಎಂದು ಹಿಂದೋಲೆ ಕಚೇರಿಯವರು ಆಣೆ ಮೇಲೆ ಆಣೆ ಮಾಡುತ್ತಾರೆ. ಅಷ್ಟೊಂದು ಆಣೆ ಯಾಕೆ ಎನ್ನುವುದೇ ನನ್ನ ಗುಮಾನಿ.

ಸಮುದ್ರ ಉಕ್ಕಿ ಊರು ಮುಳುಗಿದಮೇಲೆ ಕರಾವಳಿಯ ಜನ ನಮ್ಮ ಕೋಟೆಯ ಕೆಳಗಿನ ಬಯಲಿನಲ್ಲಿ ಬಿಡಾರ ಹೂಡಿದ್ದಾರೆ. ಅಲ್ಲಿನ ದವಾಖಾನೆ ನೋಡಿಕೊಳ್ಳುವವಳು ಗುಲಾಬಿ ಕುಂದರ್. ಮಕ್ಕಳಿಗೆ ಎದೆ ಕಟ್ಟುವ ರೋಗ ಹಬ್ಬಿದೆ. ಉಸಿರಾಟಕ್ಕೆ ನೆರವಾಗುವ ಉಸಿರುಪೆಟ್ಟಿಗೆ ಇರುವುದು ಒಂದೇ. ಇನ್ನೊಂದನ್ನು ಕೊಳ್ಳಲು ಸಹಾಯ ಮಾಡಿ ಎಂದು ಅವಳು ನಮ್ಮ ಓಣಿಗೆ ಬಂದಾಗ ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದೆ. ಅವಳ ಮೊಮ್ಮಗಳಿಗೂ ಅದೇ ರೋಗ ಎಂದು ಕೇಳಿದ್ದೆ. ಊರಿನ ಹೆಸರು ಹೇಳಿ ತನ್ನ ಮನೆಗೆ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ.

"ನಂಗೆ ಗೊತ್ತುಂಟು ಮಾರಾಯ್ರೆ, ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ. ಒಮ್ಮೆ ಬಂದು ನೋಡಿ," ಎಂದಳು.

"ಬರ್ತೀನಿ, ಯಾಕ್ ಬರಬಾರದು? ಹೇಳದೆ ಕೇಳದೆ ಬರ್ತೀನಿ ನೋಡ್ರಿ," ಎಂದೆ ನಾನು.

ಹಾಗೇ ಹೋದೆ. ಪೆಟ್ಟಿಗೆಯೊಳಗೆ ಬೇರೆ ಯಾರದೋ ಮಗು ಮಲಗಿತ್ತು. ಗುಲಾಬಿಯ ಮೊಮ್ಮಗಳು ಹೊರಗೆ, ಅಜ್ಜಿಯ ಹೆಗಲ ಮೇಲೆ, ತನ್ನ ಸರದಿಗೆ ಕಾಯುತ್ತ ಏದುಸಿರು ಬಿಡುತ್ತಿದ್ದಳು. ಆ ದಿನವೇ ಓಣಿಯವರೆಲ್ಲ ಸೇರಿ, ಮಾರಿ ಇನ್ನೊಂದು ಪೆಟ್ಟಿಗೆ ಕೊಳ್ಳಲೆಂದು, ದೊಡ್ಡದೊಂದು ಹೂಜಿ ಎರಕ ಹೊಯ್ದೆವು. ಬೆಳ್ಳಿ ತಂತಿ ಯಾರ್ಯಾರ ಮನೆಯ ಕಾಲ್ಗೆಜ್ಜೆಯಿಂದಲೋ ಬಂತು.

ಕೊಳ್ಳುವವರು ಮೇಲಿನೂರಿನವರು, ಆಕಾಶದಲ್ಲಿ ಮನೆ ಕಟ್ಟಿಕೊಂಡ ಶ್ರೀಮಂತರು. ನೆಲ ಬಿಟ್ಟು ಹೋದವರಿಗೆ ನೆಲದ ಸಾಮಾನು ಯಾಕೆ ಬೇಕೋ! ಏನೋ ಮಸಲತ್ತು ಇದ್ದೇ ಇರಬೇಕು. ಅವರ ಷರತ್ತು ಒಂದೇ: ಅಸಲಿ ಬಿದರಿಯ ಕಪ್ಪು ಇರಬೇಕು. ನಿಮಗೆ ಹೇಳಬೇಕಾಗಿಲ್ಲ, ಕೋಟೆಯ ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಹಚ್ಚಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಂತ್ರದಲ್ಲಿ ಮಾಡಿದ ಮಣ್ಣು ಹಚ್ಚಿದೆವು, ಬೂದಿ ಬಣ್ಣ ಬಂತು. ಉಜ್ಜಿ ತೆಗೆಯಬೇಕಾಯಿತು.

ಅಸಲಿ ಮಣ್ಣು ಎಲ್ಲಿದೆ? ನಿಮ್ಮ ಕಾಲದವರೇ ಚೀಲಗಟ್ಟಲೆ ಕೆರೆದು ಮಾರಿಕೊಂಡರು, ಉಳಿದದ್ದರ ಮೇಲೆ ಸಿಮೆಂಟು ಬಳಿದರು ಎನ್ನುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ: ಒಂದು ಭರಣಿಯಲ್ಲಿ ಆ ಮಣ್ಣು ತುಂಬಿ, ಬಾಯಿಗೆ ಅರಗು ಮೆತ್ತಿ, ನಮ್ಮ ಕಾರ್ಖಾನೆಯ ಹೊಸ್ತಿಲ ಕೆಳಗೆ ಹೂತಿಡಿ. ಹೊಲದ ಕೆಮ್ಮಣ್ಣು ತುಂಬಿ ನನ್ನ ಕಣ್ಣಿಗೆ ಮಣ್ಣೆರಚಬೇಡಿ. ನೀವು ಮಣ್ಣನ್ನು ನಾಲಿಗೆಗಿಟ್ಟು ಪರೀಕ್ಷೆ ಮಾಡುವಂತೆಯೇ ನಾನೂ ಮಾಡುತ್ತೇನೆ. ಸಪ್ಪೆಯಾಗಿದ್ದರೆ ಅಲ್ಲೇ ನಿಂತು ನಿಮಗೆ ಶಾಪ ಹಾಕುತ್ತೇನೆ, ಹಿರಿಯರೆಂದು ನೋಡುವುದಿಲ್ಲ.

ಈಗಲೇ ಅಗೆದು ನೋಡಬಹುದಲ್ಲ ಎನ್ನುತ್ತೀರಿ. ಪತ್ರ ಕಳಿಸುವ ಮೊದಲೇ ನೋಡಿದರೆ ಅದು ತಲುಪುವುದಿಲ್ಲವೆಂದು ಕಚೇರಿಯವರ ಕಟ್ಟಪ್ಪಣೆ. ಇದರಲ್ಲೂ ಏನೋ ಮೋಸವಿರಬಹುದು. ಆದರೂ ಕೈ ಕಟ್ಟಿಕೊಂಡು ಕೂತಿದ್ದೇನೆ, ಬೇರೆ ದಾರಿಯಿಲ್ಲ.

ನಿಮ್ಮನ್ನು ನಂಬುತ್ತೇನೆಂದು ಸುಳ್ಳು ಹೇಳಲಾರೆ. ಸಮುದ್ರವನ್ನು ನಮ್ಮ ಕಡೆಗೆ ಅಟ್ಟಿದವರೂ ನೀವೇ. ಗುಲಾಬಿಯ ಮೊಮ್ಮಗಳಿಗೆ ಈಗ ಹಾಲು ಕುಡಿಯುವಷ್ಟೂ ಉಸಿರಿಲ್ಲ. ನಾಳೆ ಬೆಳಿಗ್ಗೆ ಅಗೆಯುತ್ತೇವೆ. ಮಗುವನ್ನೂ ಎತ್ತಿಕೊಂಡು ಬರುತ್ತೇನೆ ಎಂದಳು ಗುಲಾಬಿ. ಬೇಡ ಎಂದುಬಿಟ್ಟೆ. ಗುಂಡಿ ಖಾಲಿಯಿದ್ದರೆ ಆ ಮಗುವಿನ ಎದುರು ನಿಲ್ಲುವ ಧೈರ್ಯ ನನಗಿಲ್ಲ.

ಜುಲೇಖಾ