ಗುಡ್ಡ ಹತ್ತಿದ ವರದೆ

ಕಲ್ಲಂಬಿ ಶಿಬಿರ,
ಫೆಬ್ರವರಿ 31, 2297

ರಾಣೆಬೆನ್ನೂರಿನ ಶ್ರೀ ದಾನೇಶ ಅಂಗಡಿಯವರಿಗೆ, ಇನ್ನೂ ಹುಟ್ಟದ ಇಂದುಧರನೆಂಬ ಗುಮಾಸ್ತನ ನಮಸ್ಕಾರ.

ತಾರೀಖು ತಪ್ಪಿಲ್ಲ. ಫೆಬ್ರವರಿಗೆ ಬಹುಕಾಲದಿಂದ ಅನ್ಯಾಯವಾಗಿದೆಯೆಂದು ನಮ್ಮಲ್ಲಿ ಅದಕ್ಕೂ ಮೂವತ್ತೊಂದು ದಿನ ಮಂಜೂರು ಮಾಡಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತೆ. ಮಾತು ಎಲ್ಲಾದರೂ ಮುರುಕಾಗಿ ಕಂಡರೆ ಮನ್ನಿಸಬೇಕು.

ಕಂಪ್ಯೂಟರಿನ ವಿಮಾನ ಹಾರಿಸುವ ಆಟಕ್ಕೆ ನಮ್ಮ ಸೀಮೆಯ ನೆಲ, ಜಲದ ನಕ್ಷೆ ಬರೆದುಕೊಟ್ಟವರು ತಾವು. ಅದೂ ಬಿಡುವಿನ ವೇಳೆಯಲ್ಲಿ, ಯಾರ ಒತ್ತಾಯವೂ ಇಲ್ಲದೆ. ಅದೀಗ ಸರಕಾರಿ ದಾಖಲೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ವರದಾ ಹೊಳೆಯನ್ನು ಕೊಳವೆಯೊಳಗೆ ಹಾಕಿ, ಬರಿದಾದ ಪಾತ್ರವನ್ನು ಸಮ ಮಾಡಿ ಬಿತ್ತಿದರು. ನಕ್ಷೆಗಳನ್ನೆಲ್ಲ ಭದ್ರವಾಗಿರಲೆಂದು ಒಂದೇ ಯಂತ್ರದಲ್ಲಿಟ್ಟರು. ಯಂತ್ರ ಕೆಟ್ಟಿತು, ತಂತ್ರ ಕೈಕೊಟ್ಟಿತು. ಈಗ ಹೊಳೆಮರಳಿಕೆಯ ಕಾಯಿದೆ ಬಂದಿದೆ, ಅಂದರೆ ಕೊಳವೆಯ ನೀರನ್ನು ಅದರ ಹಳೆಯ ಹಾದಿಗೇ ಬಿಡಬೇಕು. ಹಾದಿ ಎಲ್ಲಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ನಿಮ್ಮ ಆಟ ಒಂದೇ.

ನಿಜವಾದ ವಿಮಾನ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಹೊಳೆ ಕಚೇರಿಯಲ್ಲಿ ಗುಮಾಸ್ತನಾಗಲು ಹಾರಾಟದ ಪರೀಕ್ಷೆ ಪಾಸಾಗಬೇಕು. ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕಿ, ಮೇಜಿನ ಮುಂದೆ ಕೂತು, ಹುಬ್ಬಳ್ಳಿಯಿಂದ ಏರುತ್ತೇವೆ. ಕೆಳಗೆ ಕಂಡ ನೀಲಿ ಗೆರೆಯನ್ನು ಕಾಗದಕ್ಕೆ ಇಳಿಸುತ್ತೇವೆ. ಊಟದ ಗಂಟೆಗೆ ಮುಂಚೆ ಭೂಮಿಗಿಳಿಯಬೇಕೆಂಬುದು ನಿಯಮ. ನಾನು ನಲವತ್ತೊಂದು ಸಲ ಬಿದ್ದಿದ್ದೇನೆ; ಬಡ್ತಿಗೆ ಅಡ್ಡಿಯಾಗಿಲ್ಲ.

ಕಲ್ಲಂಬಿಯ ಬಳಿ ನಿಮ್ಮ ವರದೆ ಗುಡ್ಡ ಹತ್ತುತ್ತಾಳೆ. ದಕ್ಷಿಣಕ್ಕೆ ಬಳಸಿ ಹೋಗಬೇಕಾದವಳು ನೆಟ್ಟಗೆ ಏರಿ, ನೆಟ್ಟಗೆ ಇಳಿದು, ಇವತ್ತು ಇನ್ನೂರ ಹನ್ನೆರಡು ಮನೆಗಳಿರುವ ಊರಿನ ನಡುವೆ ಹಾಯುತ್ತಾಳೆ. ನಿಮ್ಮ ಕಾಲದ ಚರ್ಚೆಯ ಪುಟವೊಂದು ಆಟದ ಜೊತೆಗೇ ಉಳಿದಿದೆ. ಅದರಲ್ಲಿ ಯಾರೋ ಒಬ್ಬರು, "ಅಣ್ಣಾರ, ಕಲ್ಲಂಬಿ ಹತ್ರ ಹೊಳಿ ಗುಡ್ಡಾ ಹತ್ತೇತಲ್ರಿ, ಅದಕ್ಕೇನ್ ಹುಚ್ಚ ಹಿಡದೈತೇನ್ರಿ?" ಎಂದು ಕೇಳಿದ್ದಾರೆ. ತಾವು, "ಉಪಗ್ರಹದ ಚಿತ್ರದಾಗ ಅಲ್ಲಿ ಮೋಡ ಇತ್ತೋ ಮಾರಾಯಾ, ಸೀದಾ ಗೆರಿ ಎಳದೆ. ಹತ್ತು ಸಾವಿರ ಅಡಿ ಮ್ಯಾಲಿಂದ ಅದನ್ನ ಯಾಂವ ನೋಡ್ತಾನ?" ಎಂದಿದ್ದೀರಿ.

ನಾನು ನೋಡಿದೆ.

ಆ ಪುಟವನ್ನು ಮೇಲಧಿಕಾರಿಗಳ ಬಳಿಗೆ ಒಯ್ದೆ. ಹರಟೆ ದಾಖಲೆಯಲ್ಲ ಎಂದರು. ನೀರನ್ನು ಗುಡ್ಡ ಹತ್ತಿಸಲು ಎರಡು ಪಂಪು ಮಂಜೂರಾಗಿವೆ. ಮಾರ್ಚ್ ಹದಿನೈದಕ್ಕೆ ಊರು ಖಾಲಿ, ಹದಿನಾರಕ್ಕೆ ನೀರಿನ ಪಾಳಿ.

ಹಟ ಹಿಡಿದವಳು ಚಂಪವ್ವ ಅಂಬಿಗೇರ ಎಂಬ ಮುದುಕಿ ಒಬ್ಬಳೇ. ಅವಳ ಹಿರಿಯರು ವರದೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಗುಡ್ಡದ ದಕ್ಷಿಣಕ್ಕಿರುವ ತನ್ನ ಅವರೆ ಹೊಲದಲ್ಲಿ ಮಣ್ಣು ಸರಿಸಿ ಹನ್ನೊಂದು ಕಲ್ಲು ಮೆಟ್ಟಿಲು ತೋರಿಸಿದಳು. "ಹೊಳಿ ಇಲ್ದ ಹೊಲದಾಗ ಯಾರರ ಮೆಟ್ಲಾ ಕಟ್ತಾರೇನ್ರಿ ಸಾಹೇಬ್ರ? ಅವರಿಕಾಯಿ ಇಳದು ಜಳಕಾ ಮಾಡ್ತಾವೇನು?" ಎಂದಳು. ಮೇಲಧಿಕಾರಿಗಳು ಮೆಟ್ಟಿಲ ಮೇಲೆಯೇ ನಿಂತು, "ಆಟದಾಗ ಮೆಟ್ಲಾ ಇಲ್ಲಬೇ ಯವ್ವಾ, ನಾ ಏನ್ ಮಾಡ್ಲಿ?" ಎಂದರು.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ: ಕಳೆದ ಕಾಲದವರಿಗೆ ಪತ್ರ ಕಳಿಸುವ ಸೌಲಭ್ಯ. ತಲೆಗೊಂದೇ ಚೀಟಿ, ಜನ್ಮಕ್ಕೊಂದೇ ಪತ್ರ. ನನ್ನದನ್ನು ಹರೆಯದಲ್ಲೇ, ಪ್ರಾಸವೊಂದನ್ನು ಮೆಚ್ಚಿ ಅದನ್ನು ಕಟ್ಟಿದ ಹಳೆಯ ಕವಿಗೆ ಬರೆದು ಮುಗಿಸಿದ್ದೆ. ಚಂಪವ್ವ ತನ್ನ ಪಾಲಿನ ಚೀಟಿಯನ್ನು, ತನ್ನನ್ನು ಹೆತ್ತೊಡನೆ ತೀರಿಕೊಂಡ ತಾಯಿಗೆ ಬರೆಸಬೇಕೆಂದು ಎಪ್ಪತ್ತು ವರ್ಷ ಕಾದಿಟ್ಟಿದ್ದಳು. ಕಳೆದ ವಾರ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ನಮ್ಮವ್ವಗ ಹೊಳಿ ಎಲ್ಲಿತ್ತಂತ ಗೊತ್ತಿತ್ತರಿ. ಗೊತ್ತಿಲ್ಲದಾಂವಗ ಬರೀರಿ."

ಹಾಗಾಗಿ ಬರೆಯುತ್ತಿದ್ದೇನೆ. ಗುಡ್ಡದ ಪಶ್ಚಿಮದ ಬುಡದಲ್ಲಿ ಗೆರೆಯನ್ನು ದಕ್ಷಿಣಕ್ಕೆ ಬಾಗಿಸಿ, ಮುಕ್ಕಾಲು ಮೈಲಿ ಬಳಸಿ, ಪೂರ್ವದ ಬುಡದಲ್ಲಿ ಮತ್ತೆ ಕೂಡಿಸಿ. ಅರ್ಧ ಗಂಟೆಯ ಕೆಲಸ. ಮೆಟ್ಟಿಲು ಬರೆಯುವ ತೊಂದರೆ ಬೇಡ.

ತಾವು ತಿದ್ದಿದರೆ ಹೊಳೆ ಮೊದಲಿನಿಂದಲೂ ಸರಿಯಾಗಿಯೇ ಇದ್ದಂತಾಗುತ್ತದೆ. ಊರು ಬಿಡಿಸುವ ಆದೇಶ ಹುಟ್ಟುವುದಿಲ್ಲ, ಈ ಪತ್ರವೂ ಹುಟ್ಟುವುದಿಲ್ಲ. ಚಂಪವ್ವನ ಚೀಟಿ ಅವಳ ಬಳಿಯೇ ಇರುತ್ತದೆ, ತಾಯಿಗೆ ಏನು ಬರೆಸಲಿ ಎಂದು ಅವಳು ಇನ್ನೂ ಯೋಚಿಸುತ್ತಿರುತ್ತಾಳೆ. ತಮಗೆ ಉಪಕಾರ ಹೇಳಬೇಕೆಂಬುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಇದನ್ನು ಅವಳಿಗೆ ವಿವರಿಸಿದೆ. ಹಾಗಾದರೆ ಉಪಕಾರದ ಮಾತನ್ನು ಈಗಲೇ ಬರೆದುಬಿಡಿ ಎಂದಳು. ಅವಳ ಮಾತಿನಲ್ಲೇ ಇಡುತ್ತೇನೆ:

"ಪುಣ್ಯಾ ಬರ್ಲೆಪಾ ನಿನಗ."