ಉಣ್ಣೆಯ ಕೈಗವಸಿಗೆ ಒಗ್ಗುವ ಯಂತ್ರ

ತಮ್ಮ ಎವೆಲಿಯೋಗೆ,

ನಿನ್ನೆ ಕೆಟ್ಟ ಕನಸು ಬಿತ್ತು. ನಾನು ಮಂಜಿನಲ್ಲಿ ಸೈಕಲ್ ತುಳಿಯುತ್ತಲೇ ಇದ್ದೆ, ಬೊಗೋಟಾದಲ್ಲಿ ನಿನ್ನ ಮಗಳ ಜ್ಞಾನಸ್ನಾನ ನನ್ನ ಬದಲು ಬೇರೊಬ್ಬ ಧರ್ಮತಾಯಿಯ ತೋಳಲ್ಲಿ ಮುಗಿದೇ ಹೋಯಿತು!

ಆದರೂ ಸೈಕಲ್‌ನಲ್ಲೇ ಬರುತ್ತೇನೆ. ಬಸ್ಸು ಹತ್ತಿದರೆ ನನಗೆ ವಾಂತಿ. ಬೆಟ್ಟ ದಾಟಿ ಬಂದು ಪಾಪುವನ್ನು ಎತ್ತಿಕೊಳ್ಳುವುದೆಂದರೆ ಈಗಲೇ ಕಾಲು ನಿಲ್ಲುತ್ತಿಲ್ಲ.

ದಾರಿ ಕೇಳಿದರೆ ನಮ್ಮ ಜನ, "ಇಲ್ಲೇ ಅಕ್ಕಾ, ಆ ತಿರುವು ದಾಟಿದ್ರೆ ಬಂತು" ಅಂತಾರೆ. ದಾಟಿದರೆ ಇನ್ನೊಂದು ಬೆಟ್ಟ! ಅದಕ್ಕೇ ನೀನು ದಾರಿ ತೋರುವ ಯಂತ್ರ ಕೊಡಿಸುತ್ತೇನೆ ಎಂದಾಗ ಕುಣಿದಾಡಿಬಿಟ್ಟೆ. ನೀನು ಅಂಗಡಿಯಲ್ಲಿ ನೋಡಿಟ್ಟ ಎರಡರಲ್ಲಿ ಗಾಜು ಸವರುವುದು ಬೇಡ, ಗುಂಡಿಯದೇ ಇರಲಿ. ಬೆಟ್ಟದ ಮೇಲಿನ ಚಳಿಯಲ್ಲಿ ಕೈಗವಸು ತೆಗೆಯಲಾಗದು. ಅಕ್ಷರ ನನಗೆ ನಿಧಾನ, ಬಾಣದ ಗುರುತು ಸಾಕು.

ಈ ಪತ್ರದ ಜೊತೆ ನನ್ನದೊಂದು ಉಣ್ಣೆಯ ಕೈಗವಸು ಕಳಿಸಿದ್ದೇನೆ. ನಗಬೇಡ. ಅಂಗಡಿಯಲ್ಲಿ ಅದನ್ನು ತೊಟ್ಟು ಗುಂಡಿ ಇನ್ನೊಮ್ಮೆ ಒತ್ತಿ ನೋಡು.

ನಿನ್ನ ಅಕ್ಕ,
ಇಸ್ಮೇನಿಯಾ