ಕಡಜದ ವೇಷದೊಳಗಿದ್ದವಳಿಗೆ

ಬೀಮನ್ಸ್ ಫೆರಿ, ನಾರ್ತ್ ಕ್ಯಾರೊಲಿನಾ
21 ಅಕ್ಟೋಬರ್ 2019

ಪ್ರೀತಿಯ ಟಾಮಿ,

ನನ್ನ ಗಂಡ ಲೆನಾರ್ಡ್ ತೀರಿಕೊಂಡ ಸುದ್ದಿ ಕೇಳಿ ಮಾರ್ಚ್‌ನಲ್ಲಿ ನೀನು ಫಿಲಡೆಲ್ಫಿಯಾದಿಂದ ಎರಡು ಪುಟ ಬರೆದಿದ್ದೆ. ಉತ್ತರ ಬರೆಯುವುದಕ್ಕೆ ನನಗೆ ಅಕ್ಟೋಬರ್ ಆಯಿತು. ಬೈದುಕೋ, ಆದರೆ ಪೂರ್ತಿ ಓದು. ಚರ್ಚಿನ ಕೆಲಸ, ಕೈನೋವು ಅಂತ ನೆಪ ಹೇಳಬಹುದಿತ್ತು. ನಿನ್ನ ಹತ್ತಿರ ಅವೆಲ್ಲ ಯಾವತ್ತು ನಡೆದಿವೆ? ಚೆನ್ನಾಗಿದ್ದೇನೆ. ಮಂಡಿಗಳೆರಡೂ ಮುಷ್ಕರ ಹೂಡಿವೆ, ಅಷ್ಟೆ.

ಕಳೆದ ಶನಿವಾರ ನಮ್ಮ ರಾಸ್ಕಿನ್ ಹೈಸ್ಕೂಲಿನ ಹಳಬರೆಲ್ಲ ಚರ್ಚಿನ ಹಿಂದಿನ ಬಯಲಲ್ಲಿ ಸೇರಿದ್ದೆವು. ಶಾಲೆ ಮುಚ್ಚಿ ಐವತ್ತು ವರ್ಷವಾಯಿತಂತೆ. ಮುಚ್ಚಿದ್ದಕ್ಕೂ ಮೀನು ಕರಿದು ಹಬ್ಬ ಮಾಡುವವರು ನಮ್ಮವರೇ ಸರಿ! ನೂರಾರು ಜನ ಬಂದಿದ್ದರು, ಎಲ್ಲರೂ ಶಾಲೆಯ ಬಣ್ಣದ ಹಳದಿ ಅಂಗಿ. ಊಟದ ನಡುವೆ ಕ್ರಂಪ್ಲರ್ ಟೀಚರ್ ಅವರ ತಂಗಿಯ ಮಗಳು ಒಂದು ಡಬ್ಬ ತಂದು ಮೇಜಿನ ಮೇಲಿಟ್ಟಳು. ತೆರೆದರೆ ನಿನ್ನ ತಲೆ ಕಣೇ! ಪಂದ್ಯಗಳಲ್ಲಿ ನೀನು ತೊಡುತ್ತಿದ್ದ ವೇಷದ್ದು, ನಮ್ಮ ಶಾಲೆಯ ಲಾಂಛನವಾಗಿದ್ದ ಕಡಜದ ತಲೆ. ಒಂದು ಮೀಸೆ ಮುರಿದಿದೆ, ಕಣ್ಣಿಗೆ ಹೊಲಿದಿದ್ದ ಕರಿ ಗುಂಡಿ ಎರಡೂ ಹಾಗೇ ಇವೆ.

ಆ ವೇಷ ಹುಟ್ಟಿದ್ದು ನೆನಪಿದೆಯಾ? ಟೀಚರ್ ತಮ್ಮ ಮನೆಯ ಹಳದಿ ಪರದೆ ಕತ್ತರಿಸಿ ಮೈಗೆ ಹೊಲಿದರು, ಬಟ್ಟೆ ತೂಗುಹಾಕುವ ತಂತಿ ಬಗ್ಗಿಸಿ ರೆಕ್ಕೆ ಮಾಡಿದರು. ಆಟಗಾರರನ್ನು ಹುರಿದುಂಬಿಸುವ ಚಿಯರ್ ತಂಡದಲ್ಲಿ ನಾವು ಆರು ಹುಡುಗಿಯರು, ಮುಂದೆ ನಾನು. ಟೀಚರ್ ಬೆತ್ತದಿಂದ ನೆಲ ಕುಟ್ಟುತ್ತಾ, "ಅರ್ಲೀನ್, ಏನ್ ಬೆಕ್ಕಿನ ಮರಿ ಥರ ಕೂಗ್ತೀಯ? ನಿಮ್ಮಜ್ಜಿಗೆ ಆಚೆ ಬೀದೀಲಿ ಕೇಳಿಸ್ಬೇಕು!" ಅನ್ನುತ್ತಿದ್ದರು. ಪಂದ್ಯದ ಶುಕ್ರವಾರ ಬಂತೆಂದರೆ ಕ್ಷೌರದಂಗಡಿಯವನೂ ಅರ್ಧ ಬೋಳಿಸಿದ ತಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದ, ನಮ್ಮ ಮೆರವಣಿಗೆ ನೋಡಲಿಕ್ಕೆ.

"ಯಾರು ಕಚ್ಚಿದ್ದು?"

"ಕಡಜ ಕಚ್ಚಿದ್ದು!"

"ಎಲ್ಲಿ ಕಚ್ಚಿದ್ದು?"

"ಕೂರೋ ಜಾಗಕ್ಕೆ!"

ಅಷ್ಟು ಹೊತ್ತಿಗೆ ನೀನು ಎದುರಾಳಿಗಳ ಬ್ಯಾಂಡಿನೊಳಗೆ ನುಗ್ಗಿರುತ್ತಿದ್ದೆ. ಒಮ್ಮೆ ಅವರ ದೊಡ್ಡ ಕಹಳೆಗೆ ನಿನ್ನ ರೆಕ್ಕೆ ಸಿಕ್ಕಿಕೊಂಡು, ಅದನ್ನೂ ಊದುವವನನ್ನೂ ಎಳೆದುಕೊಂಡೇ ಮೈದಾನದ ಅರ್ಧ ಓಡಿದ್ದೆ. ಅವತ್ತು ಸೋತಿದ್ದೆವು. ಸೋತದ್ದು ಯಾರಿಗೂ ನೆನಪಿಲ್ಲ.

ಆಮೇಲೆ ಆ ಜೂನ್ ಬಂತು. ಇನ್ನು ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಒಂದೇ ಶಾಲೆ ಅಂದರು. ಅಪ್ಪ ಕಣ್ಣೀರು ಹಾಕಿಕೊಂಡು ದೇವರಿಗೆ ವಂದಿಸಿದ. ಆದರೆ ಒಂದೇ ಶಾಲೆ ಅಂದರೆ ಅವರ ಕಟ್ಟಡ, ಅವರ ನೀಲಿ ಬಣ್ಣ, ಅವರ ಲಾಂಛನದ ಟಗರು, ಅವರ ಹಾಡು. ನಾವು ಗೆದ್ದ ಟ್ರೋಫಿಗಳನ್ನು ಕಸದ ಲಾರಿಗೆ ತುಂಬಿದರು. ಕ್ರಂಪ್ಲರ್ ಟೀಚರ್‌ಗೆ ಪಾಠ ಕೊಡದೆ ಪುಸ್ತಕದ ಧೂಳು ಹೊಡೆಯಲು ಕೂರಿಸಿದರು. ನಮ್ಮ ಬಣ್ಣಕ್ಕೂ ನಮ್ಮ ಕಡಜಕ್ಕೂ ಜಾಗ ಕೊಡುವವರೆಗೆ ಅವರ ಯಾವ ತಂಡಕ್ಕೂ ಸೇರಬಾರದೆಂದು ನಾವೆಲ್ಲ ಆಣೆ ಮಾಡಿದೆವು. ಸೆಪ್ಟೆಂಬರಿನಲ್ಲಿ ನೀನೊಬ್ಬಳೇ ಹೋಗಿ ಅವರ ಚಿಯರ್ ತಂಡ ಸೇರಿದೆ.

ಬಸ್ಸಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಒಬ್ಬಳಾದ್ರೂ ಒಳಗೆ ಹೋಗ್ಬೇಕು ಕಣೇ ಅರ್ಲೀನ್. ಹೊರಗೆ ಮುಖ ಊದಿಸ್ಕೊಂಡು ನಿಂತ್ರೆ ಅವರಿಗೇನು ನಷ್ಟ?"

"ನಿಂಗೆ ನೀಲಿ ಲಂಗ ಬೇಕಿತ್ತು, ಅಷ್ಟೇ," ಅಂದೆ ನಾನು. ಆಮೇಲೆ ನಿನ್ನ ಪಕ್ಕ ಕೂರಲಿಲ್ಲ.

ಮೊದಲ ಪಂದ್ಯದ ದಿನ ಏಳು ಬಿಳಿ ಹುಡುಗಿಯರ ಜೊತೆ ನೀನು ಮೈದಾನಕ್ಕೆ ಬಂದೆ. ಗ್ಯಾಲರಿಯ ನಮ್ಮ ಮೂಲೆಯಲ್ಲಿ ಕೂತಿದ್ದ ಇನ್ನೂರು ಜನ ಒಟ್ಟಿಗೆ ಎದ್ದು ನಿನಗೆ ಬೆನ್ನು ತಿರುಗಿಸಿದರು. ಆದರೂ ನೀನು ಪಂದ್ಯ ಮುಗಿಯುವವರೆಗೆ ಕುಣಿದೆ. ಜನವರಿಯಲ್ಲಿ ಫಿಲಡೆಲ್ಫಿಯಾದ ನಿನ್ನ ಸೋದರತ್ತೆಯ ಮನೆಗೆ ಅಂತ ಹೋದವಳು ತಿರುಗಿ ಬರಲಿಲ್ಲ.

ಶನಿವಾರದ ಕಥೆಗೆ ಬರುತ್ತೇನೆ. ನಮ್ಮ ಫುಟ್‌ಬಾಲ್ ತಂಡದ ನಾಯಕ ರುಡೆಲ್ ಇದ್ದನಲ್ಲ, ಅವನ ಮೊಮ್ಮಗಳು ಜನೀಸಾ ಬಂದಿದ್ದಳು. ಈಗ ಅದೇ ನೀಲಿ ಶಾಲೆಯ ಚಿಯರ್ ತಂಡಕ್ಕೆ ಇವಳೇ ನಾಯಕಿ. ಕಡಜದ ತಲೆಯನ್ನು ಎತ್ತಿ ನೋಡುತ್ತಾ ಕೇಳಿದಳು, "ತಾತಾ, ಇದರೊಳಗೆ ಯಾರಿದ್ರು?"

"ಟೊಮಸೀನಾ ಬಾಯ್ಕಿನ್ ಅಂತ. ಭಾರಿ ಹುಡುಗಿ. ಆಮೇಲೆ ಆ ಕಡೆ ಹೋಗ್ಬಿಟ್ಲು."

"ಆ ಕಡೆ ಅಂದ್ರೆ? ನಾನಿರೋ ಕಡೆನಾ?"

ರುಡೆಲ್ ಅಗಿಯುವುದನ್ನು ನಿಲ್ಲಿಸಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹೌದಮ್ಮ, ನೀನಿರೋ ಕಡೆನೇ. ನಿನಗಿಂತ ಮೊದಲು ಹೋದ್ಲು, ಒಬ್ಬಳೇ," ಅಂದ. ಅವನ ಬಾಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಎಲ್ಲರೂ ಹಟ ಹಿಡಿದು ನನ್ನ ಕೈಲಿ ಕೂಗು ಹಾಕಿಸಿದರು. ಮುದುಕಿಯರು ನಾಲ್ಕು ಜನ, ಒಬ್ಬಳಿಗೆ ಊರುಗೋಲು. "ಯಾರು ಕಚ್ಚಿದ್ದು?" ಅನ್ನುವಾಗಲೇ ನನ್ನ ದನಿ ಒಡೆಯಿತು. ಮಿಕ್ಕದ್ದನ್ನು ಜನೀಸಾ ಕೂಗಿದಳು. ಚೆನ್ನಾಗಿಯೇ ಕೂಗಿದಳು.

ನಿನಗೆ, ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ. ಚಳಿ ಶುರುವಾಗಿರಬೇಕು ಅಲ್ಲಿ, ಬೆಚ್ಚಗಿರು. ಒಮ್ಮೆ ಬಾ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ.

ನಿನ್ನ,
ಅರ್ಲೀನ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ನಿನ್ನ ಕಾಗದದ ಕೊನೆಯಲ್ಲಿ, "ಅವತ್ತು ಬೆನ್ನು ತಿರುಗಿಸಲು ಹೇಳಿದ ರುಡೆಲ್‌ನನ್ನು ಯಾವತ್ತೋ ಕ್ಷಮಿಸಿದ್ದೇನೆ, ಅವನಿಗೆ ಹೇಳು" ಅಂತಿತ್ತು. ಅವನಿಗೆ ಏನಂತ ಹೇಳಲಿ? ಅವನಲ್ಲ ಟಾಮಿ. ಮುಂದಿನ ಸಾಲಿನಲ್ಲಿ ಎದ್ದು ಕೈ ಎತ್ತಿದವಳು ನಾನು. ನೀನು ಮೈದಾನದಿಂದ ನನ್ನನ್ನು ನೋಡಿ ನಕ್ಕೆ. ನಿನಗಾಗಿ ಕೂಗು ಹಾಕಿಸುತ್ತೇನೆ ಅಂದುಕೊಂಡೆಯೋ ಏನೋ, ನೀನೂ ಕೈ ಎತ್ತಿದೆ. "ತಿರುಗಿ" ಅಂದೆ ನಾನು. ಅಷ್ಟು ದೂರಕ್ಕೆ ನಿನಗೆ ಕೇಳಿಸಿರಲಿಕ್ಕಿಲ್ಲ, ಪಕ್ಕದಲ್ಲಿದ್ದ ರುಡೆಲ್ ಹೇಳಿದ್ದೆಂದು ನೀನು ಅಂದುಕೊಂಡಿರಬೇಕು. ಎಲ್ಲರೂ ತಿರುಗಿದರು. ಎಲ್ಲರಿಗಿಂತ ಕೊನೆಗೆ ತಿರುಗಿದವಳು ನಾನೇ. ಅದಕ್ಕೇ, ನಿನ್ನ ಕೈ ಕೆಳಗಿಳಿದದ್ದನ್ನು ನೋಡಿದವಳು ನಾನೊಬ್ಬಳೇ.